ಹಿಂದಿನ ಸೀಟಿನಲ್ಲಿ ಮಗು ಇದೆ

ಎಲ್ಲ ರಾದ್ಧಾಂತಕ್ಕೂ ಕಾರಣ ಎರಡು ತೊಟ್ಟು ಕೊಬ್ಬರಿ ಎಣ್ಣೆ.

ಬಸವಪ್ರಭು ಅದನ್ನು ಗುಂಡನ ಹೊಕ್ಕುಳಿಗೆ ಬಿಟ್ಟಿದ್ದ. ಗುಂಡ ಮಗುವಲ್ಲ, ಕಂಪನಿಯ ಗೊಂಬೆ. ವರ್ಷದ ಕೂಸಿನ ಅಳತೆ, ರಬ್ಬರಿನ ಮೈ, ಮುಚ್ಚಿದ ಕಣ್ಣು, ಹೊಟ್ಟೆಯೊಳಗೊಂದು ಪುಟ್ಟ ಮೋಟಾರು. ಸ್ವಿಚ್ಚು ಹಾಕಿದರೆ ಎದೆ ಏರಿ ಇಳಿದು, ನಿದ್ದೆಹೋದ ಮಗುವಿನ ಹಾಗೆ ಉಸಿರಾಡುತ್ತಿತ್ತು. ನಿನ್ನೆ ಆ ಉಸಿರಿನ ಜೊತೆ ಮುದುಕರ ಗೊರಕೆಯಂಥ ‘ಕಿರ್ರ್’ ಸೇರಿಕೊಂಡಿತು. ಪ್ರಭು ಗುಂಡನನ್ನು ಟವೆಲಿನಲ್ಲಿ ಸುತ್ತಿ ಮರ್ಫಿ ಟೌನಿನ ತನ್ನ ಬಾಡಿಗೆ ಮನೆಗೆ ತಂದು, ಇಡೀ ರಾತ್ರಿ ನಿದ್ದೆಗೆಟ್ಟು ಬಿಚ್ಚಿ ಜೋಡಿಸಿದ್ದ. ಬೆಳಗಿನ ಹೊತ್ತಿಗೆ ಗುಂಡ ಎಣ್ಣೆ ಕುಡಿದ ಸಂತೃಪ್ತಿಯಲ್ಲಿ ಸದ್ದಿಲ್ಲದೆ ಉಸಿರಾಡತೊಡಗಿದ. ಅವನು ಅಷ್ಟು ಚೆನ್ನಾಗಿ ಉಸಿರಾಡದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

ಪ್ರಭುವಿನ ಕಂಪನಿ ಇಂದಿರಾನಗರದಲ್ಲಿತ್ತು. ಇದ್ದದ್ದು ಎರಡೇ ಕೋಣೆ. ಒಂದರವರು ಪುಟ್ಟ ಉಪಗ್ರಹಗಳಿಗೆ ರೇಡಾರ್ ಮಾಡಿ ಆಕಾಶದಿಂದ ಇಡೀ ಭೂಮಿಯನ್ನು ನೋಡುತ್ತಿದ್ದರು. ಇನ್ನೊಂದರಲ್ಲಿ ಪ್ರಭು ಕಾರಿನ ಸೂರಿನಿಂದ ಹಿಂದಿನ ಸೀಟನ್ನು ನೋಡುತ್ತಿದ್ದ. ಕಾರಿನೊಳಗೆ ಯಾರೋ ಮಗುವನ್ನು ಮರೆತು ಬೀಗ ಹಾಕಿಕೊಂಡು ಹೋದರೆ, ಸೂರಿನ ಪೆಟ್ಟಿಗೆಯಿಂದ ಹೊರಟ ಅಲೆ ಮಗುವಿನ ಎದೆಗೆ ತಾಗಿ ವಾಪಸು ಬರುತ್ತದೆ. ಎದೆ ಅಕ್ಕಿಕಾಳಿನಷ್ಟು ಅಲುಗಿದರೂ ಸಾಕು, ಪೆಟ್ಟಿಗೆಗೆ ಗೊತ್ತಾಗುತ್ತದೆ. ಅದು ಕೂಗಿ ಹೇಳುತ್ತದೆ, ಯಜಮಾನರ ಮೊಬೈಲಿಗೂ ಸಂದೇಶ ಕಳಿಸುತ್ತದೆ. ಲಾರಿ ಹಾದು ಹೋದ ನಡುಕ, ಫ್ಯಾನಿನ ಗಾಳಿ, ಇವನ್ನೆಲ್ಲ ಜರಡಿ ಹಿಡಿದು ಉಸಿರೊಂದನ್ನೇ ಹೆಕ್ಕುವುದು ಪ್ರಭುವಿನ ಕೆಲಸ.

ಆ ಕೆಲಸಕ್ಕೆ ಅವನು ಜೀವ ತೇಯುತ್ತಿದ್ದುದಕ್ಕೆ ಕಾರಣವಿತ್ತು. ಅವನಿಗೆ ಮೂರು ವರ್ಷವಿದ್ದಾಗ ಹರಿಹರದ ಮದುವೆಯಿಂದ ದಾವಣಗೆರೆಗೆ ಇಡೀ ಕುಟುಂಬ ಬಾಡಿಗೆ ವ್ಯಾನಿನಲ್ಲಿ ವಾಪಸಾಗಿತ್ತು. ಹಾಸಿಗೆ ಸುರುಳಿಗಳ ನಡುವೆ ಮಲಗಿದ್ದ ಪ್ರಭುವನ್ನು ದೊಡ್ಡಪ್ಪ ಎತ್ತಿಕೊಂಡರು ಎಂದು ಚಿಕ್ಕಪ್ಪ, ಚಿಕ್ಕಪ್ಪ ಎತ್ತಿಕೊಂಡರು ಎಂದು ಸೋದರತ್ತೆ, ಎಲ್ಲರೂ ತಿಳಿದರು. ವ್ಯಾನು ಡ್ರೈವರನ ಊರಿಗೆ ಹೋಯಿತು. ಬೆಳಿಗ್ಗೆ ತೊಳೆಯಲು ಬಂದ ಡ್ರೈವರನ ಹೆಂಡತಿ ಅವನನ್ನು ಕಂಡು, ಮಂಡಕ್ಕಿ ತಿನ್ನಿಸಿ ಕಳಿಸಿಕೊಟ್ಟಳು. ಮನೆಯಲ್ಲಿ ಯಾವ ಸಮಾರಂಭವಾದರೂ ಈ ಕತೆ ಪಾಯಸದ ಜೊತೆಗೇ ಬಡಿಸಲ್ಪಡುತ್ತಿತ್ತು. ಕೊನೆಯಲ್ಲಿ ತಾಯಿ ಶರಣಮ್ಮ ನಕ್ಕು ಹೇಳುವ ಮಾತೂ ಒಂದೇ: “ನೀನು ಅಳ್ಲೇ ಇಲ್ವಲ್ಲೋ, ನಮಗೆಂಗ್ ಗೊತ್ತಾಗ್ಬೇಕು?”

ಎಲ್ಲರೂ ನಗುತ್ತಿದ್ದರು. ಪ್ರಭುವೂ ನಗುತ್ತಿದ್ದ, ಒಂದು ಕ್ಷಣ ತಡವಾಗಿ. ಅಳದ ಮಗುವನ್ನೂ ಕಂಡುಹಿಡಿಯುವ ಪೆಟ್ಟಿಗೆ ಮಾಡಬೇಕೆಂದು ಅವನಿಗೆ ತೋಚಿದ್ದು ಆ ಒಂದು ಕ್ಷಣದಲ್ಲೇ ಇರಬೇಕು.

ಇವತ್ತು ಸಂಜೆ ನಾಲ್ಕಕ್ಕೆ ಕಾರು ತಯಾರಿಸುವ ಕಂಪನಿಯವರು ಪರೀಕ್ಷೆಗೆ ಬರುವವರಿದ್ದರು. ಬಾಸ್ ಜಗದೀಶ್ ಮೊದಲೇ ಹೇಳಿಬಿಟ್ಟಿದ್ದರು: “ನೋಡು ಪ್ರಭು, ದಿಸ್ ಈಸ್ ಲಾಸ್ಟ್ ಚಾನ್ಸ್ ಯಾ. ಇವತ್ತು ಕೈಕೊಟ್ರೆ ಕಾರ್ ಕೋಣೆಗೆ ಬೀಗ. ನೀನು ಸ್ಯಾಟಲೈಟ್ ಕೋಣೆಗೆ ಹೋಗಿ ಮೋಡ ಎಣಿಸ್ಕೊಂಡಿರು.”

ಹಾಗಾಗಿ ಬೆಳಿಗ್ಗೆ ಪ್ರಭು ಗುಂಡನನ್ನು ಮನೆ ಮುಂದೆ ನಿಲ್ಲಿಸಿದ್ದ ಕಂಪನಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ಉಸಿರಿನ ಸ್ವಿಚ್ಚು ಹಾಕಿ, ಬೀಗ ಹಾಕಿಕೊಂಡು, ಸೂರಿನ ಪೆಟ್ಟಿಗೆಯನ್ನು ಚಾಲೂ ಮಾಡಲು ಬೇಕಾದ ಲ್ಯಾಪ್‌ಟಾಪ್ ತರಲು ಮೆಟ್ಟಿಲು ಹತ್ತಿದ.

ಆಗಲೇ ಹಾಲು ತರಲು ಹೋಗಿದ್ದ ಮನೆ ಮಾಲೀಕರಾದ ವೆಂಕಟಮ್ಮ ವಾಪಸು ಬಂದರು.

ಆ ಬೀದಿಯಲ್ಲಿ ಯಾರ ಮನೆಗೆ ಕೊರಿಯರ್ ಬಂತು, ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತು ಎಂಬುದೆಲ್ಲ ವೆಂಕಟಮ್ಮನಿಗೆ ಗೊತ್ತಿರುತ್ತಿತ್ತು. ಅಂಥವರ ಕಣ್ಣಿಗೆ ಬಿಸಿಲಲ್ಲಿ ನಿಂತ ಕಾರು, ಮುಚ್ಚಿದ ಗಾಜು, ಒಳಗೆ ಕಣ್ಣುಮುಚ್ಚಿ ಏದುಸಿರು ಬಿಡುತ್ತಿರುವ ಮಗು ಬಿತ್ತು.

“ಅಯ್ಯಯ್ಯೋ! ಯಾವ ಪಾಪಿ ಮುಂಡೇದು ಮಗೂನ ಕೂಡಾಕ್ಬುಟ್ಟು ಹೋಗಿದ್ದು! ಅಸ್ಗರೂ! ಬಾರಪ್ಪೋ!”

ಎದುರಿನ ಪಂಕ್ಚರ್ ಅಂಗಡಿಯ ಅಸ್ಗರ್ ಸ್ಪ್ಯಾನರ್ ಹಿಡಿದು ಓಡಿಬಂದ. ಅವನ ಹೆಂಡತಿ ಜಹನಾರಾ ಸೆರಗು ಸರಿಮಾಡಿಕೊಳ್ಳುತ್ತ ಬಂದವಳು ಗಾಜಿಗೆ ಮೂಗು ಒತ್ತಿ, “ಯಾ ಅಲ್ಲಾ! ಬೆವರು ಬಂದಿದೆ ಮಗೂಗೆ!” ಎಂದಳು. ಅದು ಬೆವರಲ್ಲ, ಕೊಬ್ಬರಿ ಎಣ್ಣೆ.

“ನಿಲ್ಲಿ ಅಮ್ಮಾ, ಲಾಕ್ ತೆಗೀತೀನಿ, ಎರಡು ನಿಮಿಷ,” ಎಂದು ಅಸ್ಗರ್ ಬಗ್ಗುವಷ್ಟರಲ್ಲಿ ವೆಂಕಟಮ್ಮ ಒಳಗೆ ಹೋಗಿ ಮಸಾಲೆ ಜಜ್ಜುವ ಕಬ್ಬಿಣದ ಕುಟ್ಟಾಣಿ ತಂದಾಗಿತ್ತು. ಎಡಗಡೆಯ ಗಾಜು ಹಪ್ಪಳದ ಹಾಗೆ ಪುಡಿಯಾಯಿತು. ಹಿಂದೆಯೇ ಒಂದು ಬಿಂದಿಗೆ ತಣ್ಣೀರು ಗುಂಡನ ನೆತ್ತಿಯ ಮೇಲೆ ಬಿತ್ತು.

‘ಕಿರ್ರ್...’ ಎಂದ ಗುಂಡ. ಉಸಿರು ನಿಂತಿತು.

ಬೀದಿಯೂ ಉಸಿರು ಹಿಡಿಯಿತು. ವೆಂಕಟಮ್ಮ ಮಗುವನ್ನು ಎತ್ತಿ ಎದೆಗೊತ್ತಿಕೊಂಡರು. ಮರುಕ್ಷಣ ಅದನ್ನು ಹಿಡಿದು ದೂರ ಚಾಚಿದರು. ಬೆನ್ನ ಮೇಲೆ ‘ಒಣ ಬಟ್ಟೆಯಿಂದ ಮಾತ್ರ ಒರೆಸಿ’ ಎಂದು ಬರೆದಿತ್ತು.

ಮೇಲಿನಿಂದ ಇಳಿದುಬಂದ ಪ್ರಭುವಿಗೆ ಕಂಡದ್ದು ಒಡೆದ ಗಾಜು, ತೊಯ್ದ ಸೀಟು, ವೆಂಕಟಮ್ಮನ ಕೈಯಲ್ಲಿ ತಲೆಕೆಳಗಾಗಿ ನೀರು ಸುರಿಸುತ್ತಿದ್ದ ಗುಂಡ.

“ಅಜ್ಜೀ! ಏನ್ ಮಾಡ್ಬಿಟ್ರಿ!”

“ನಾನೇನೋ ಮಾಡಿದ್ದು? ಮದ್ವೆ ಆಗ್ದಿರೋ ಹುಡುಗ ಗೊಂಬೆಗೆ ಬೆಲ್ಟ್ ಕಟ್ಕೊಂಡು ತಿರುಗಿದ್ರೆ ನನಗೇನಪ್ಪಾ ಗೊತ್ತು?”

“ಸಾಬ್‌ಗೆ ಬೇಗ ಒಂದು ಹುಡುಗಿ ನೋಡ್ರಿ ಅಮ್ಮಾ,” ಎಂದಳು ಜಹನಾರಾ. “ಗೊಂಬೆ ಲೆವೆಲ್‌ಗೆ ಬಂದ್ಬಿಟ್ಟಿದಾರೆ.”

ಬೀದಿಯೆಲ್ಲ ನಕ್ಕಿತು. ಪ್ರಭುವಿಗೆ ಅಳುವೊಂದು ಬಾಕಿ. “ಇದು ಆಟ ಅಲ್ಲ ಅಜ್ಜಿ. ಕಾರಲ್ಲಿ ಮಗು ಮರೆತು ಹೋದ್ರೆ ಹೇಳೋ ಮಿಷಿನ್ನು. ಅದರ ಪರೀಕ್ಷೆಗೆ ಈ ಗೊಂಬೆ. ಸಂಜೆ ಇದು ಉಸಿರಾಡ್ಲಿಲ್ಲ ಅಂದ್ರೆ ನನ್ನ ಕೆಲಸ ಮುಗೀತು.”

ವೆಂಕಟಮ್ಮ ಗುಂಡನನ್ನು ನೆಟ್ಟಗೆ ಹಿಡಿದುಕೊಂಡರು. “ಅದಕ್ಕೊಂದು ಮಿಷಿನ್ನಾ?” ಎಂದರು. ಆಮೇಲೆ ದನಿ ತಗ್ಗಿಸಿ, “ತಡಿ, ನಾನೂ ಬರ್ತೀನಿ. ಒಣಗಿಸಿ ಕೊಡ್ತೀನಿ. ನಾಕು ಮಕ್ಕಳನ್ನ ಒಣಗ್ಸಿದ ಕೈ ಇದು.”

ಒಡೆದ ಕಿಟಕಿಗೆ ಅಸ್ಗರ್ ಒಂದು ಹಳೆಯ ಫ್ಲೆಕ್ಸ್ ಅಂಟಿಸಿದ. ಯಾರೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು. ಕಿಟಕಿಯ ಅಳತೆಗೆ ಕತ್ತರಿಸಿದ ಮೇಲೆ ಉಳಿದದ್ದು ಅರ್ಧ ಮೀಸೆ, ಒಂದು ಮುಗಿದ ಕೈ ಮತ್ತು ‘ನೂರು ಕಾಲ ಬಾಳಿ’.

ಲ್ಯಾಪ್‌ಟಾಪ್ ಜೋಡಿಸಿಕೊಂಡು ಹೊರಟ ಕಾರು ಮುಖ್ಯರಸ್ತೆಗೆ ಬರುವಷ್ಟರಲ್ಲಿ ಸೂರಿನ ಪೆಟ್ಟಿಗೆ ಬಾಯಿಬಿಟ್ಟಿತು. ಮಾಲ್‌ಗಳ ಲಿಫ್ಟಿನಲ್ಲಿ ಬಾಗಿಲು ಮುಚ್ಚುವ ಮುಂಚೆ ಮಾತಾಡುವ ಹೆಣ್ಣುಮಗಳ ದನಿ: “ಹಿಂದಿನ ಸೀಟಿನಲ್ಲಿ ಮಗು ಇದೆ. ದಯವಿಟ್ಟು ಗಮನಿಸಿ.”

ಹಿಂದೆ ಕೂತು ಗುಂಡನ ಕಂಕುಳು ಒರೆಸುತ್ತಿದ್ದ ವೆಂಕಟಮ್ಮ ತಲೆಯೆತ್ತಿದರು. “ಮಗು ಅಲ್ಲ ಕಣಮ್ಮ, ನಾನು ವೆಂಕಟಮ್ಮ.”

“ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದಾರೆ.”

“ಇದಕ್ಕೆ ಲೆಕ್ಕ ಬರಲ್ವೇನೋ ಪ್ರಭು?”

ಪ್ರಭು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗುಂಡ ಸತ್ತಿದ್ದಾನೆ, ಅಜ್ಜಿ ಒಬ್ಬರೇ. ಎರಡನೆಯ ಉಸಿರು ಯಾರದು? ಕನ್ನಡಿಯಲ್ಲಿ ನೋಡಿದ. ಗಾಳಿಗೆ ಫ್ಲೆಕ್ಸು ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಪುಢಾರಿಯ ಅರ್ಧ ಮೀಸೆ ಹಾಯಾಗಿ ನಿದ್ದೆಹೋದ ಮಗುವಿನಂತೆ ಉಸಿರಾಡುತ್ತಿತ್ತು.

ಮಧ್ಯಾಹ್ನವೆಲ್ಲ ಪ್ರಭು ಆಫೀಸಿನ ಮುಂದಿನ ಹೊಂಗೆ ಮರದಡಿ ಕಾರಿನ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತು, ಪೆಟ್ಟಿಗೆಗೆ ಪುಢಾರಿಯನ್ನು ಮರೆಯಲು ಕಲಿಸಿದ. ಗಾಳಿಗೆ ತನ್ನದೇ ಲಯವಿಲ್ಲ, ಬೀಸಿದಾಗ ಬೀಸುತ್ತದೆ. ಉಸಿರಿಗೆ ಲಯವಿದೆ, ಯಾರೂ ನೋಡದಿದ್ದರೂ ಅದು ತನ್ನ ತಾಳ ಬಿಡುವುದಿಲ್ಲ. ಆ ಸಣ್ಣ ವ್ಯತ್ಯಾಸವನ್ನು ಹಿಡಿದು ಜರಡಿಯ ಕಣ್ಣು ಬಿಗಿಮಾಡಿದ. ಕಡೆಗೂ ಖಾಲಿ ಕಾರಿನಲ್ಲಿ ಪೆಟ್ಟಿಗೆ ಹೇಳಿತು: “ಯಾರೂ ಇಲ್ಲ.” ಅಷ್ಟು ಸುಖದ ಮಾತನ್ನು ಅವನು ಆ ವರ್ಷ ಕೇಳಿರಲಿಲ್ಲ.

ಆದರೆ ಗುಂಡ ಏಳಲಿಲ್ಲ. ವೆಂಕಟಮ್ಮ ಅವನನ್ನು ಬಿಸಿಲಿಗೆ ಹಿಡಿದರು, ಫ್ಯಾನಿಗೆ ಹಿಡಿದರು, ಕೊನೆಗೆ ಬೆನ್ನು ತಟ್ಟಿ ತೇಗಿಸಲೂ ನೋಡಿದರು. ಬಾಯಿಂದ ಒಂದು ಚಮಚ ನೀರು ಬಂತು, ಅಷ್ಟೇ.

ಮೂರೂವರೆಗೆ ಜಗದೀಶ್ ಕೆಳಗಿಳಿದು ಬಂದರು. ಫ್ಲೆಕ್ಸು ನೋಡಿದರು, ಗೊಂಬೆ ನೋಡಿದರು, ಗೊಂಬೆಗೆ ದೃಷ್ಟಿ ತೆಗೆಯುತ್ತಿದ್ದ ವೆಂಕಟಮ್ಮನನ್ನು ನೋಡಿದರು.

“ಪ್ರಭೂ, ವಾಟ್ ಈಸ್ ಆಲ್ ದಿಸ್ ಯಾ?”

“ಸಾರ್, ಗುಂಡ ಹೋಗ್ಬಿಟ್ಟ.”

“ಹೋಗ್ಬಿಟ್ಟ ಅಂದ್ರೆ? ಅವರು ಆನ್ ದ ವೇ! ಯಾವುದಾದ್ರೂ ಮಗು ಅರೇಂಜ್ ಮಾಡು.”

“ಮಗು ಏನು ಸಿಲಿಂಡರಾ, ಅರೇಂಜ್ ಮಾಡೋಕೆ?” ಎಂದರು ವೆಂಕಟಮ್ಮ. “ಯಾವ ತಾಯಿ ಕೊಡ್ತಾಳೆ ರೀ ನಿಮಗೆ?”

ಜಗದೀಶರ ದೃಷ್ಟಿ ಪ್ರಭುವನ್ನು ತಲೆಯಿಂದ ಕಾಲಿನವರೆಗೆ ಅಳೆಯಿತು. ದೂರವೇನೂ ಹೋಗಬೇಕಾಗಲಿಲ್ಲ. ಪ್ರಭು ಗಿಡ್ಡ.

“ಮಲ್ಕೋ.”

“ಸಾರ್?”

“ಹಿಂದಿನ ಸೀಟಲ್ಲಿ ಮಡಚ್ಕೊಂಡು ಮಲ್ಕೋ. ಮೇಲೆ ಕಂಬಳಿ. ಮಗು ತರ ಉಸಿರಾಡು. ನಿನ್ನ ಫೋನ್ ಕೊಡಿಲ್ಲಿ, ವೈಬ್ರೇಟ್ ಆದ್ರೆ ಮಿಷಿನ್ ಅದನ್ನೂ ಉಸಿರು ಅನ್ಕೊಳ್ಳುತ್ತೆ. ಆ ಲಿಫ್ಟ್ ಹುಡುಗಿ ದನಿ ಮ್ಯೂಟ್ ಮಾಡ್ತೀನಿ, ಮೀಟಿಂಗಲ್ಲಿ ಡಿಸ್ಟರ್ಬು. ಸಂದೇಶ ನನ್ನ ಫೋನಿಗೆ ಬಂದ್ರೆ ಸಾಕು.”

ಪ್ರಭು ಮಡಚಿಕೊಂಡ. ವೆಂಕಟಮ್ಮ ಡಬ್ಬಿಯಿಂದ ಮೊಸರನ್ನ ತೆಗೆದು ತಿನ್ನಿಸಿದರು. “ಖಾಲಿ ಹೊಟ್ಟೇಲಿ ಮಗು ಸರಿಯಾಗಿ ಉಸಿರಾಡಲ್ಲ,” ಎಂದು ಕಂಬಳಿ ಹೊದಿಸಿ ಬೆನ್ನು ತಟ್ಟಿದರು. ರಾತ್ರಿಯಿಡೀ ಎಚ್ಚರವಿದ್ದ ಮೈ, ಹೊಟ್ಟೆಯೊಳಗೆ ಮೊಸರನ್ನ, ಬೆನ್ನ ಮೇಲೆ ನಾಲ್ಕು ಮಕ್ಕಳನ್ನು ಮಲಗಿಸಿದ ಕೈ. ಮಗುವಿನ ಹಾಗೆ ನಟಿಸಬೇಕೆಂದು ಅವನು ಮೂರು ಸಲ ಉಸಿರೆಳೆದ. ನಾಲ್ಕನೆಯದು ನಟನೆಯಾಗಿರಲಿಲ್ಲ. ಪ್ರಭುವಿನ ಶಯನೋತ್ಸವ ಶುರುವಾಗಿತ್ತು.

“ಮಗು ಮಲಗ್ತು. ಎದ್ರೆ ನೋಡ್ಕೊಳ್ಳಿ,” ಎಂದು ಜಗದೀಶರಿಗೆ ಹೇಳಿ ವೆಂಕಟಮ್ಮ ಗುಂಡನನ್ನು ಕಂಕುಳಲ್ಲಿಟ್ಟುಕೊಂಡು ಆಟೊ ಹತ್ತಿದರು. “ನಾನು ಡ್ರಾಪ್ ಮಾಡಿಸ್ತೀನಿ, ಡೋಂಟ್ ವರಿ,” ಎಂದರು ಜಗದೀಶ್.

ಮುಂದಿನದು ಪ್ರಭುವಿಗೆ ಆಮೇಲೆ ತಿಳಿದದ್ದು. ಕಾರು ಕಂಪನಿಯಿಂದ ಬಂದ ಮೂವರೂ ಮಹಡಿಯ ಕೋಣೆಯಲ್ಲಿ ಕೂತು ಪರದೆಯನ್ನು ನೋಡಿದರೇ ಹೊರತು ಕಾರಿನತ್ತ ತಿರುಗಲಿಲ್ಲ. ಪರದೆಯ ಮೇಲೆ ಕೆರೆಯ ಅಲೆಯಂಥ ಗೆರೆ ಏರುತ್ತ ಇಳಿಯುತ್ತ ಹೋಯಿತು. ಇಷ್ಟು ಶುದ್ಧವಾದ ಉಸಿರನ್ನು ಅವರು ಯಾವ ದೇಶದಲ್ಲೂ ನೋಡಿರಲಿಲ್ಲವಂತೆ. ಕೈಕುಲುಕಾಟವಾಯಿತು. ಜಗದೀಶ್ ಸಂಭ್ರಮ ತಡೆಯಲಾರದೆ ಮೂವರನ್ನೂ, ಆಫೀಸಿನ ಉಳಿದವರನ್ನೂ ಹೋಟೆಲಿಗೆ ಹೊರಡಿಸಿದರು. ಎರಡು ಕ್ಯಾಬ್ ಬಂದವು. ಪ್ರಭು ಮುಂದಿನ ಕ್ಯಾಬಿನಲ್ಲಿದ್ದಾನೆಂದು ಹಿಂದಿನವರೂ, ಹಿಂದಿನ ಕ್ಯಾಬಿನಲ್ಲಿದ್ದಾನೆಂದು ಮುಂದಿನವರೂ ತಿಳಿದರು.

ಹೋಟೆಲಿನಲ್ಲಿ ಜಗದೀಶರ ಫೋನು ನಿಮಿಷಕ್ಕೊಮ್ಮೆ ‘ಟಿಣ್’ ಎನ್ನುತ್ತಿತ್ತು. ‘ಹಿಂದಿನ ಸೀಟಿನಲ್ಲಿ ಮಗು ಇದೆ.’ ‘ಹಿಂದಿನ ಸೀಟಿನಲ್ಲಿ ಮಗು ಇದೆ.’ ಅವರು ಫೋನನ್ನು ಎತ್ತಿ ಎಲ್ಲರಿಗೂ ತೋರಿಸಿದರು.

“ನೋಡಿ, ಡೆಮೋ ಮುಗಿದ್ರೂ ಬಿಡ್ತಿಲ್ಲ! ಎಂಥಾ ರಿಲಯಬಲ್ಲು ನಮ್ ಮಿಷಿನ್ನು!”

ಎಲ್ಲರೂ ಚಪ್ಪಾಳೆ ತಟ್ಟಿದರು.

ಅತ್ತ ಮರ್ಫಿ ಟೌನಿನಲ್ಲಿ ದೀಪ ಹಚ್ಚುವ ಹೊತ್ತಾಯಿತು. ವೆಂಕಟಮ್ಮ ಅಂಗಳದಿಂದ ಮೇಲೆ ನೋಡಿದರು. ಪ್ರಭುವಿನ ಕೋಣೆಯಲ್ಲಿ ಬೆಳಕಿಲ್ಲ. ಫೋನು ಮಾಡಿದರು, ಎತ್ತಲಿಲ್ಲ. ಮತ್ತೆ ಮೇಲೆ ನೋಡಿದರು. ಒಳಗೆ ಹೋಗಿ ಕುಟ್ಟಾಣಿ ತಂದರು.

“ಅಸ್ಗರೂ, ಸ್ಕೂಟರ್ ತೆಗಿ.”

ಪ್ರಭುವಿಗೆ ಎಚ್ಚರವಾದಾಗ ಕಾರಿನೊಳಗೆ ಮಬ್ಬುಗತ್ತಲು. ಕಾಲು ಜೋಮು ಹಿಡಿದಿತ್ತು. ಸ್ಟಿಯರಿಂಗ್ ಪಕ್ಕದ ಪುಟ್ಟ ಪರದೆಯಲ್ಲೊಂದು ಕೆಂಪು ಅಕ್ಷರಸಾಲು ಸದ್ದಿಲ್ಲದೆ ಮಿನುಗುತ್ತಿತ್ತು: ಮಗು ಇದೆ, ಮಗು ಇದೆ. ಆಫೀಸು ಕತ್ತಲೆ. ಯಾರೂ ಇಲ್ಲ. ಒಂದು ಕ್ಷಣ ಅವನಿಗೆ ಹಾಸಿಗೆ ಸುರುಳಿಗಳ ವಾಸನೆ ಬಂದಂತಾಯಿತು. ಆವತ್ತು ತಾನು ಯಾಕೆ ಅಳಲಿಲ್ಲವೆಂದು ನೆನಪಾಯಿತು. ಯಾರಾದರೂ ಬಂದೇ ಬರುತ್ತಾರೆಂದು ಅಂದುಕೊಂಡಿದ್ದ, ಅಷ್ಟೇ.

ಹೊರಗೆ ಸ್ಕೂಟರಿನ ಸದ್ದು. ಬಲಗಡೆಯ ಗಾಜಿಗೆ ಒಂದು ಪರಿಚಿತ ಮುಖ ಅಂಟಿಕೊಂಡಿತು.

“ಇಲ್ಲೇ ಅವ್ನೆ ನೋಡೋ! ಹೆತ್ತೋರು ನಂಬ್ಕೊಂಡು ಕಳ್ಸಿದ್ರೆ, ಮರ್ತು ಹೋಗವ್ರೆ ನನ್ಮಕ್ಳು!”

ಪ್ರಭು ಎರಡೂ ಕೈ ಬೀಸಿದ. “ಅಜ್ಜೀ ಬೇಡ! ಆ ಕಡೆ ಬನ್ನಿ! ಆ ಕಡೆ ಬರೀ ಫ್ಲೆಕ್ಸು...”

ಫಳಾರ್!

ಬಲಗಡೆಯ ಗಾಜೂ ಹಪ್ಪಳವಾಯಿತು. ಆ ಅದುರಿಗೆ ಎಲ್ಲೋ ಮ್ಯೂಟ್ ಬಿಟ್ಟುಹೋಗಿರಬೇಕು, ಸೂರಿನ ಹೆಣ್ಣುಮಗಳು ಸಾವಧಾನವಾಗಿ ಹೇಳಿದಳು: “ಹಿಂದಿನ ಸೀಟಿನಲ್ಲಿ ಮಗು ಇದೆ.”

“ಈಗ ಹೇಳ್ತಾಳೆ ನೋಡು,” ಎಂದರು ವೆಂಕಟಮ್ಮ. ಒಳಗೆ ಕೈ ಹಾಕಿ ಅವನ ತಲೆಗೂದಲಿನಿಂದ ಗಾಜಿನ ಚೂರು ಒಂದೊಂದಾಗಿ ಹೆಕ್ಕಿದರು. “ಊಟ ಮಾಡ್ದೇನೋ?”

ಆ ರಾತ್ರಿ ಫೋನಿಲ್ಲದ ಪ್ರಭು ವೆಂಕಟಮ್ಮನ ಫೋನಿನಿಂದ ದಾವಣಗೆರೆಗೆ ಮಾತಾಡಿದ. ಎಲ್ಲ ಕೇಳಿ ಶರಣಮ್ಮ ಬಿದ್ದು ಬಿದ್ದು ನಕ್ಕರು. ಆಮೇಲೆ, “ಈ ಸಲವೂ ಅಳ್ಲಿಲ್ಲ ಅಲ್ವೇನೋ?” ಎಂದು ಕೇಳಿದರು, ನಗು ಎಲ್ಲೋ ಸಿಕ್ಕಿಕೊಂಡ ದನಿಯಲ್ಲಿ. “ಆ ಅಜ್ಜಿಗೆ ಫೋನ್ ಕೊಡು.” ಇಬ್ಬರೂ ಬಹಳ ಹೊತ್ತು ಮಾತಾಡಿದರು.

ಬೆಳಿಗ್ಗೆ ಜಗದೀಶ್ ಫೋನು ಹಿಂತಿರುಗಿಸಲು ತಾವೇ ಮನೆಗೆ ಬಂದರು.

“ಸಾರಿ ಯಾ ಪ್ರಭು, ಮರ್ತೇ ಹೋಯ್ತು. ಬಟ್ ಗುಡ್ ನ್ಯೂಸ್! ಒಪ್ಕೊಂಡ್ರು. ಕಾರ್ ಕೋಣೆಗೆ ಬೀಗ ಇಲ್ಲ.”

ಪ್ರಭುವಿನ ಕಣ್ಣು ಮಂಜಾಯಿತು. “ಮಿಷಿನ್ ಅಷ್ಟು ಇಷ್ಟ ಆಯ್ತಾ ಸಾರ್?”

“ಮಿಷಿನ್ ಓಕೆ ಅಂತೆ. ಗೊಂಬೆ ಎಕ್ಸಲೆಂಟ್ ಅಂತೆ.” ಜಗದೀಶ್ ಫೋನನ್ನು ಪ್ರಭುವಿನ ಕೈಗಿತ್ತರು. “ಇಷ್ಟು ನ್ಯಾಚುರಲ್ಲಾಗಿ ಉಸಿರಾಡೋ ಗೊಂಬೇನ ಅವರು ನೋಡೇ ಇಲ್ವಂತೆ. ನಾನೂ ತಿದ್ದೋಕೆ ಹೋಗ್ಲಿಲ್ಲ. ಇನ್ಮೇಲೆ ಪ್ರತಿ ಮಾಡೆಲ್ ಕಾರಿಗೂ ಅದೇ ಗೊಂಬೆಯಲ್ಲೇ ಟೆಸ್ಟ್ ಆಗ್ಬೇಕಂತೆ. ಸೋಮವಾರ ಹೊಸೂರಿನ ಟ್ರ್ಯಾಕಿನಲ್ಲಿ. ಕಂಬಳಿ ಮರೀಬೇಡ.”

ಪ್ರಭು ಬಾಗಿಲಿನತ್ತ ನೋಡಿದ. ವೆಂಕಟಮ್ಮ ಆಗಲೇ ಬುಟ್ಟಿ ತಂದಿಟ್ಟುಕೊಂಡಿದ್ದರು.

“ಸೋಮವಾರ ತಾನೇ? ಮೊಸರನ್ನ ನಂದು.”

“ಅಜ್ಜಿ,” ಎಂದ ಪ್ರಭು ಮೆಲ್ಲಗೆ, “ಆ ಕಾರುಗಳೆಲ್ಲ ಹೊಚ್ಚ ಹೊಸವು. ಗಾಜು ಕೂಡಾ.”

“ಹೌದಾ?” ಎಂದರು ವೆಂಕಟಮ್ಮ. ಒಳಗೆ ಹೋಗಿ ಕುಟ್ಟಾಣಿ ತೊಳೆದು ತಂದು ಬುಟ್ಟಿಯ ತಳದಲ್ಲಿಟ್ಟರು.