ದೇವಹತ್ತಿಯ ಹರಕೆ

ಗಿಡಗಳ ಪೂರ್ವಿಕರನ್ನು ಹುಡುಕಿಕೊಂಡು ಹೊರಟವನಿಗೆ ಪಜೀತಿ ತಪ್ಪಿದ್ದಲ್ಲ. ಐವತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಮರವಾಗಿ ವರ್ಷಗಟ್ಟಲೆ ಬಾಳುತ್ತಿದ್ದ ಹತ್ತಿ, ಹೊಲದಲ್ಲಿ ಒಂದೇ ವರ್ಷಕ್ಕೆ ಮುಗಿಯುವ ಗಿಡವಾದದ್ದು ಹೇಗೆ? ತಲೆಯಲ್ಲಿ ಸದಾ ಇದೇ. ಹತ್ತಿರದ ಬಾತಿ ಹಳ್ಳಿಯ ಒಂದು ಗುಡಿಯಂಗಳದಲ್ಲಿ, ದೀಪದ ಬತ್ತಿಗೆಂದು ಬೆಳೆಸಿದ ಹಳೇ ದೇವಹತ್ತಿ ಮರವಿತ್ತು. ಅದಕ್ಕೆ ಹೊಲದ ಜವಾರಿ ಹತ್ತಿಯ ಪರಾಗ ಕೂಡಿಸಿ ಬೀಜ ಪಡೆದರೆ ನನ್ನ ಡಾಕ್ಟರೇಟ್ ಆದಂತೆಯೇ. ಆಗಲಿಲ್ಲ. ಈಗಲೂ ನೆನೆದರೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಟವೆಲ್ಲಿನ ಕೆಳಗೆ

ಹಿತ್ತಲಲ್ಲಿ ಬಿತ್ತಲು ಜವಾರಿ ಬೀಜ ಬೇಕೆಂದು ಮಂಡಿಪೇಟೆಗೆ ಹೋಗಿ, ಕಾಳು ಸಮೇತದ ಹತ್ತಿಯನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಮಿಲ್ಲಿನ ಖರೀದಿದಾರನೆಂದು ತಿಳಿದ ಸಾಹುಕಾರರು ನನ್ನ ಕೈ ಹಿಡಿದು ಮೇಲೆ ಟವೆಲ್ ಹೊದಿಸಿ ಬೆರಳು ಒತ್ತಿದರು. ಮರ್ಯಾದೆಗೆ ನಾನೂ ಒತ್ತಿದೆ. ಅದು ವ್ಯಾಪಾರ ಕುದುರಿಸುವ ರೀತಿ ಅಂತ ನನಗೇನು ಗೊತ್ತು? ಸಂಜೆ ಮನೆ ಮುಂದೆ ಹತ್ತಿ ತುಂಬಿದ ಗಾಡಿ!

"ನನಗೆ ಬೇಕಾದದ್ದು ಒಂದು ಹಿಡಿ, ಸಾಹುಕಾರ್ರೇ" ಅಂದೆ.

"ಒಂದು ಹಿಡಿಗೆ ಟವೆಲ್ ಯಾಕ್ ಹಾಕಿಸ್ಕಂಡ್ರಿ?" ಅಂತ ರೇಗಿ, ಹಿಡಿಯನ್ನು ಪುಕ್ಕಟೆ ಕೊಟ್ಟು ಗಾಡಿ ತಿರುಗಿಸಿಕೊಂಡು ಹೋದರು.

ಅಳಿಯನ ದೀಪಾವಳಿ

ಹಿತ್ತಲಲ್ಲಿ ಗಿಡ ಹೂಬಿಡುವ ಹೊತ್ತಿಗೆ ಹರಿಹರದ ಮಾವನ ಮನೆಯಲ್ಲಿ ಮದುವೆಯಾದ ಮೇಲಿನ ಮೊದಲ ದೀಪಾವಳಿ. ನಾನೋ, ಕುಂಡದಲ್ಲಿ ಬೆಳೆಸಿದ್ದ ಒಂದು ಗಿಡವನ್ನೂ ಜೊತೆಗೊಯ್ದು, ಬೆಳಿಗ್ಗೆಯೇ ಅದರ ಹೂ ಕಿತ್ತುಕೊಂಡು, ಮರದ ಹೂವಿಗೆ ಪರಾಗ ಕೂಡಿಸಿ ಮುಚ್ಚಿ ಬರಲು ಬಾತಿಗೆ ಬಸ್ಸು ಹತ್ತುತ್ತಿದ್ದೆ. ಅತ್ತೆಗೆ ಅನುಮಾನ ಬಂದು ಮೈದುನನನ್ನು ಹಿಂದೆ ಕಳಿಸಿದರು.

ಅವನು ವರದಿ ಒಪ್ಪಿಸಿದ: "ಮರದ ಹೂವಿಗೆಲ್ಲ ಕಾಗದದ ಟೋಪಿ ಹಾಕಿ ದಾರ ಕಟ್ತಾರೆ."

ಅತ್ತೆ ಹಣೆ ಚಚ್ಚಿಕೊಂಡರು: "ಇನ್ನೊಬ್ಬಳಿದ್ದಿದ್ರೆ ಬಿಡಿಸಬೌದಿತ್ತು. ಇದನ್ನ ಹೆಂಗ್ ಬಿಡಿಸೋದು?"

ಪಾಪ, ನನ್ನ ಹೆಂಡತಿ ಆ ಹಬ್ಬವೆಲ್ಲ ಒಬ್ಬಳೇ ಆರತಿ ಎತ್ತಿಸಿಕೊಂಡಳು.

ಹರಕೆ

ಕಾಯಿ ಬಲಿಯುತ್ತಿದ್ದಾಗಲೇ ಕಾಲೇಜಿನವರು ನನ್ನನ್ನು ಯಾವುದೋ ಕೆಲಸಕ್ಕೆ ಮೈಸೂರಿಗೆ ಅಟ್ಟಿದರು. ಶಿವರಾತ್ರಿ ಕಳೆದು ಬಂದವನು ನೇರ ಬಾತಿಗೆ ಓಡಿದೆ. ಮರವೇ ಇಲ್ಲ! ಅಲ್ಲಿ ಹೊಸ ಗೋಡೆ ಎದ್ದಿತ್ತು. ಹಿತ್ತಲಿನ ಜವಾರಿ ಗಿಡಗಳೂ ಅಷ್ಟರಲ್ಲಿ ಒಣಗಿದ್ದವು.

ಗುಡಿ ಕಸ ಹೊಡೆಯುವ ಅಜ್ಜಿ ಸಮಾಧಾನ ಹೇಳಿದಳು: "ಹೆದರಬ್ಯಾಡ್ರಿ ಸಾರ್. ಕಡಿಯಾಕೆ ಮುಂಚೆ ನಿಮ್ ದಾರದ ಕಾಯಿ ಅಷ್ಟೂ ಬಿಡಿಸಿ ಬ್ಯಾರೆ ಇಟ್ಟಿದ್ದೆ."

ಜೀವ ಬಂತು. "ಎಲ್ಲಿ ಅಜ್ಜಿ?"

"ದಾರ ಕಟ್ಟಿದ ಮ್ಯಾಲೆ ಹರಕೆ ಹತ್ತಿ ಅಲ್ಲೇನ್ರಿ? ಶಿವರಾತ್ರಿಗೆ ಬತ್ತಿ ಹೊಸೆದು ನಿಮ್ಮ ಹೆಸರಲ್ಲೇ ದೀಪ ಹಚ್ಚಿಸಿದೆ."

"ಒಳಗಿನ ಬೀಜ?"

"ಎಮ್ಮೆಗೆ ಹಾಕಿದೆ. ಕೂಡ್ರಿ, ಅದರದೇ ಹಾಲಿನ ಚಾ ಐತೆ."

ಕೂತೆ. ನನ್ನ ಡಾಕ್ಟರೇಟನ್ನು ಬಸಿ ತುಂಬ ಕುಡಿದೆ. ಅಳು ಬರುವುದೊಂದು ಬಾಕಿ.

ನನ್ನ ಮುಖ ನೋಡಿ ಅಜ್ಜಿ ಮೆಲ್ಲಗೆ ಕೇಳಿದಳು: "ಏನಂತ ಹರಕೆ ಹೊತ್ತಿದ್ರಿ ಸಾರ್?"

"ಆ ಮರದ ಬೀಜ ನನ್ನ ಕೈಗೆ ಸಿಗಲಿ ಅಂತ."

"ಅಯ್ಯೋ ಶಿವನೇ! ಅದಕ್ಕೂ ಹರಕೆ ಹೊರ್ತಾರೇನ್ರಿ? ನನ್ನನ್ನ ಕೇಳಿದ್ರೆ ಸೆರಗು ತುಂಬ ಕೊಡ್ತಿದ್ನಲ್ಲ!"