ಕಾಕಾನ ದೊಡ್ಡ ಟಿವಿ, ಕಾಕೂನ ಹೊಸ ಕಣ್ಣು

ನಮ್ಮ ಕಾಕಾ ತಮ್ಮ ಜೀವಮಾನದಲ್ಲಿ ಒಂದೇ ಒಂದು ಕೆಟ್ಟ ಸಾಮಾನು ಖರೀದಿಸಿದವರಲ್ಲ. ನಂಬಿಕೆ ಬರದಿದ್ದರೆ ಅವರನ್ನೇ ಕೇಳಿ. ಬೇರೆ ಯಾರನ್ನೂ ಮಾತ್ರ ಕೇಳಬೇಡಿ.

ಅವರು ಹೊತ್ತು ತಂದ ಕಲ್ಲಂಗಡಿ ಒಳಗೆ ಸುಣ್ಣದ ಹಾಗೆ ಬೆಳ್ಳಗಿತ್ತು ಅನ್ನಿ, ಅದು ಶುಗರ್ ಇದ್ದವರಿಗಾಗಿಯೇ ಬೆಳೆದ ವಿಶೇಷ ಹಣ್ಣು. ನಾಗಪುರದಲ್ಲಿದ್ದುಕೊಂಡು ಹುಳಿ ಕಿತ್ತಳೆಯನ್ನೇ ಹುಡುಕಿ ತರುವುದಕ್ಕೆ ಒಂದು ಪ್ರತಿಭೆ ಬೇಕು. ಕಾಕಾಗೆ ಅದು ಹುಟ್ಟಿನಿಂದಲೇ ಬಂದಿದೆ. ಹೋದ ಬೇಸಿಗೆಯಲ್ಲಿ ಒಂದು ಕೂಲರ್ ತಂದರು. ಸ್ವಿಚ್ ಹಾಕಿದರೆ ಅದಕ್ಕೆ ನಡುಕ ಬರುತ್ತದೆ. ನಡುಗುತ್ತ ನಡುಗುತ್ತ ಕಿಟಕಿಯ ಹತ್ತಿರದಿಂದ ಹೊರಟು ಹಾಲಿನ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಈಗ ಅದನ್ನು ಎಮ್ಮೆಯ ಹಾಗೆ ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದ್ದೇವೆ.

"ಗಾಳಿ ಇಡೀ ಮನಿಗೆ ಹಂಚಬೇಕಲ್ಲೋ, ಅದಕ್ಕ ಅಡ್ಡಾಡತೈತಿ," ಎಂದು ಕಾಕಾ ವಿವರಿಸಿದರು. ನಾನು "ಬರೋಬರ್ ಐತ್ರಿ ಕಾಕಾ" ಎಂದೆ.

ನಾನು ಯಾರು ಎಂದರೆ ಈ ಕಾಕಾನ ಅಣ್ಣನ ಮಗ. ಕಾಕಾ, ಕಾಕು ಇಬ್ಬರೂ ಗದಗದ ಕಡೆಯವರು. ಕಾಕಾ ಇಲ್ಲಿ ನಾಗಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದುಡಿದು ರಿಟೈರ್ ಆದವರು. ಊರಾಚೆಯ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಾಗ ನಾನು ಬಜಾಜ್ ನಗರದ ಅವರ ಮನೆಗೆ ಬಂದು ತಳವೂರಿದೆ. ಕಾರ್ಖಾನೆಯಲ್ಲಿ ನನ್ನದು ಕ್ವಾಲಿಟಿ ವಿಭಾಗ. ಅಂದರೆ ಕೆಟ್ಟ ಮಾಲನ್ನು ಕೆಟ್ಟದ್ದು ಎಂದು ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆ ಧೈರ್ಯವನ್ನು ನಾನು ಸಂಜೆ ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರುತ್ತೇನೆ.

ಈ ವರ್ಷ ಕಾಕೂನ ಬಲಗಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಚೆನ್ನಾಗಿ ಆಯಿತು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಎಡಗಣ್ಣನ್ನೂ ಮಾಡಿಬಿಡೋಣ, ತಡ ಮಾಡಬೇಡಿ, ಅದರ ಪೊರೆ ಇನ್ನೂ ಗಟ್ಟಿಯಾಗಿದೆ ಎಂದು ಡಾಕ್ಟರು ದಿನವನ್ನೂ ಗೊತ್ತು ಮಾಡಿದರು. ಕಾಕಾಗೆ ಎಷ್ಟು ಸಂತೋಷವಾಯಿತು ಎಂದರೆ, "ಹೊಸಾ ಕಣ್ಣಿಗೆ ಹಳೇ ಟಿವಿ ಯಾಕ?" ಎಂದು ಹಿಂದೆ ಗೂನು ಬೆಳೆಸಿಕೊಂಡಿದ್ದ ಹಳೆಯ ಡಬ್ಬಿ ಟಿವಿಯನ್ನು ಅವತ್ತೇ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಒಪ್ಪಿಸಿದರು.

ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಗೋಡೆ ತುಂಬ ಟಿವಿಗಳು. ಒಂದರಲ್ಲಿ ಜಲಪಾತ ಧುಮುಕುತ್ತಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದು ಪ್ಯಾಂಟಿನ ತುದಿ ಮಡಚಿದೆ. ಕಾಕಾ ಆ ಟಿವಿಯನ್ನೇ ತಗೊಂಡರು. ನಮ್ಮ ಹಾಲಿನ ಗೋಡೆಗಿಂತ ಒಂದು ಗೇಣು ಚಿಕ್ಕದು, ಅಷ್ಟೇ.

ಸಂಜೆ ಉದ್ಘಾಟನೆ. ಪಕ್ಕದ ಮನೆಯ ಮರಾಠಿ ಆಜಿಯನ್ನೂ ಕರೆದು ಪೇಢೆ ಹಂಚಿದೆವು. ಕಾಕಾ ರಿಮೋಟನ್ನು ಕಣ್ಣಿಗೊತ್ತಿಕೊಂಡು ಕಾಕೂನ ಕನ್ನಡ ಧಾರಾವಾಹಿ ಹಾಕಿದರು.

ಏನು ಹೇಳಲಿ? ನಾಯಕಿಯ ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂಬುದು ಅವಳ ಹೆತ್ತವ್ವನಿಗೂ ತಿಳಿಯುವಂತಿರಲಿಲ್ಲ. ಸೀರೆಯ ಅಂಚು ಬೆಂದ ಶ್ಯಾವಿಗೆಯಂತೆ ಒಂದಕ್ಕೊಂದು ಅಂಟಿಕೊಂಡಿತ್ತು. ನಿನ್ನೆಯವರೆಗೆ ಸಪೂರ ಇದ್ದ ನಾಯಕ ಒಂದೇ ರಾತ್ರಿಯಲ್ಲಿ ಅಡ್ಡಡ್ಡ ಬೆಳೆದು ಪೈಲ್ವಾನನಾಗಿದ್ದ. ಎಲ್ಲರನ್ನೂ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದಂತಿತ್ತು.

ಕಾಕಾ ನಮ್ಮ ಕಡೆ ತಿರುಗಿದರು. "ಹೆಂಗೈತಿ?"

"ಏಕ್ ನಂಬರ್ ಕಾಕಾ," ಅಂದೆ ನಾನು, ಕ್ವಾಲಿಟಿ ವಿಭಾಗದವನು. ಆಜಿ ಪೇಢೆ ನುಂಗಿ "ಫಾರ್ ಛಾನ್" ಎಂದರು. ಬಹಳ ಚಂದ ಅಂದದ್ದು ಪೇಢೆಗೋ ಟಿವಿಗೋ ಗೊತ್ತಾಗಲಿಲ್ಲ.

ಕಾಕು ಮಾತ್ರ ಮೆಲ್ಲಗೆ, "ನನಗ ಮಸಕ ಮಸಕ ಕಾಣತೈತಲ್ರಿ," ಅಂದಳು.

"ಹೊಸಾ ಕಣ್ಣು. ರೂಢಿ ಆಗಬೇಕು," ಎಂದುಬಿಟ್ಟರು ಕಾಕಾ.

ಆ ಒಂದು ಮಾತು ನಮ್ಮ ಮನೆಯನ್ನು ಹಾಳು ಮಾಡಿತು. ಕೆಲವು ದಿನ ಕಾಕು ಸುಮ್ಮನೆ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಆಮೇಲೆ ಒಂದು ದಿನ ಭಕ್ರಿ ಬಡಿಯುತ್ತ ತೀರ್ಪು ಕೊಟ್ಟಳು: ಎಡಗಣ್ಣಿನ ಆಪರೇಷನ್ ಬೇಡ.

"ಒಂದು ಕಣ್ಣು ಕೆಡಿಸ್ಯಾರ. ಇನ್ನೊಂದಾದ್ರೂ ಇರಲಿ ನನಗ."

"ಕಣ್ಣು ಕೆಟ್ಟಿಲ್ಲ ಕಾಕು, ಚಾನೆಲ್ ಹಂಗೈತಿ," ಅಂದೆ.

"ಪೊರಿ ಇದ್ದಾಗ ಹಳೇ ಟಿವ್ಯಾಗ ಅಕಿ ಮೂಗುತಿ ಹರಳು ಎಣಸ್ತಿದ್ದೆ. ಪೊರಿ ತಗಸಿದ ಮ್ಯಾಲ ಮೂಗs ಕಾಣವಲ್ತು. ನೀನs ಹೇಳು, ಏನು ಕೆಟ್ಟೈತಿ?"

ಕಾಕು ಒಂದು ಕಾಲಕ್ಕೆ ಶಾಲೆಯಲ್ಲಿ ಗಣಿತ ಕಲಿಸಿದವಳು, ಅಂಥ ಹೆಂಗಸಿನ ಜೊತೆ ವಾದಕ್ಕಿಳಿಯಬಾರದು. ನಾನು ಮೊಬೈಲು ಹಿಡಿದು ಕೂತೆ, ಸಿಕ್ಕಿದ್ದನ್ನೆಲ್ಲ ಓದಿದೆ. ವಿಷಯ ಇಷ್ಟೇ. ಟಿವಿಯ ಚಿತ್ರವೆಂದರೆ ಚುಕ್ಕೆಗಳ ಒಟ್ಟಲು. ಕಾಕೂನ ಚಾನೆಲ್ ನಮ್ಮಲ್ಲಿಗೆ ಬರುವುದು ಹಳೆಯ ಎಸ್‌ಡಿ ಅಳತೆಯಲ್ಲಿ. ಅದರಲ್ಲಿ ಎಷ್ಟು ಚುಕ್ಕೆಗಳಿವೆಯೋ ಅದರ ಐದು ಪಟ್ಟು ಜಾಗ ನಮ್ಮ ಎಚ್‌ಡಿ ಟಿವಿಯಲ್ಲಿದೆ. ಖಾಲಿ ಉಳಿದದ್ದನ್ನು ಟಿವಿ ಪಾಪ ತಾನೇ ಅಂದಾಜಿನಿಂದ ತುಂಬಬೇಕು. ಹಳೆಯ ಡಬ್ಬಿ ಟಿವಿ ಚಿಕ್ಕದು, ಮೇಲಾಗಿ ಅದರ ಗಾಜು ಎಲ್ಲವನ್ನೂ ಸ್ವಲ್ಪ ಮೆತ್ತಗೆ ಮಾಡಿ ತೋರಿಸುತ್ತಿತ್ತು, ಹುಳುಕು ಮುಚ್ಚಿಹೋಗುತ್ತಿತ್ತು.

"ಒಬ್ಬರಿಗೆ ಮಾಡಿದ ತೊವ್ವಿಗೆ ನೀರು ಹಾಕಿ ಐದು ಮಂದಿಗೆ ಬಡಿಸಿದಂಗ, ಕಾಕು," ಎಂದು ಅಡುಗೆಮನೆಯ ಭಾಷೆಯಲ್ಲಿ ಹೇಳಿದೆ. ಕಾಕು ತಲೆಯಾಡಿಸುವಷ್ಟರಲ್ಲಿ ಹಾಲಿನಿಂದ ಕಾಕಾನ ದನಿ ಬಂತು: "ನಮ್ಮ ಟಿವಿ ನೀರು ಹಾಕೂ ಪೈಕಿ ಅಲ್ಲಲೇ."

ಆಮೇಲೆ ಶುರುವಾಯಿತು ನನ್ನ ರಿಪೇರಿ. ಚಿತ್ರವನ್ನು ಅಡ್ಡಕ್ಕೆ ಎಳೆಯದೆ ಮೊದಲಿನ ಆಕಾರದಲ್ಲೇ ಇಟ್ಟರೆ ಒಳ್ಳೆಯದು ಎಂದು ಓದಿದ್ದೆ. ಹಾಗೇ ಇಟ್ಟೆ. ನಾಯಕನ ಪೈಲ್ವಾನಿಕೆ ಇಳಿಯಿತು, ಎರಡೂ ಬದಿಗೆ ಕಪ್ಪು ಪಟ್ಟಿ ಬಂತು. ಕಾಕಾ ಎದೆ ಹಿಡಿದುಕೊಂಡರು. "ಏನಪಾ, ಎರಡೂ ಕಡೆ ಟಿವಿ ಬಂದ್ ಬಿತ್ತು?" ವಾಪಸು ಎಳೆಯಲು ಹೋಗಿ ಯಾವುದೋ ಗುಂಡಿ ಒತ್ತಿದೆ, ಇಡೀ ಮೆನು ಯಾವ ದೇಶದ್ದೋ ಲಿಪಿಗೆ ತಿರುಗಿತು. ನಮ್ಮೂರ ಹತ್ತಿರದ ಮೌದಾದ ವಿದ್ಯುತ್ ಸ್ಥಾವರದಲ್ಲಿ ಅಷ್ಟೊಂದು ಕರೆಂಟು ತಯಾರಾಗುವುದು ನನ್ನಂಥವರು ಇಂಥ ಕೆಲಸ ಮಾಡಲಿ ಎಂದೇ? ಅದನ್ನು ಸರಿಪಡಿಸುವವರೆಗೆ ಮನೆಯಲ್ಲಿ ನನಗೆ ಚಹಾ ಕೊಡುವಾಗ ಲೋಟ ಕುಕ್ಕಿ ಇಡುತ್ತಿದ್ದರು.

ದೂರ ಕೂತರೆ ಹುಳುಕು ಕಾಣುವುದಿಲ್ಲ ಎಂದೂ ಓದಿದ್ದೆ. ಸೋಫಾ ಹಿಂದೆ ಸರಿಯಿತು. ನಾಯಕಿಗೆ ಮೂಗು ಬಂತು. ಇನ್ನೂ ಸರಿಯಿತು, ತುಟಿ ಬಂತು. ಸರಿದು ಸರಿದು ಸೋಫಾ ಅಡುಗೆಮನೆಯ ಬಾಗಿಲಿಗೆ ಸಿಕ್ಕಿಕೊಂಡಿತು. ಕಾಕು ಗ್ಯಾಸಿನ ಕಟ್ಟೆಗೆ ಬೆನ್ನು ಕೊಟ್ಟು, ಕಾಕಾ ಬಚ್ಚಲಿನ ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು, ನಾನು ಇಬ್ಬರ ನಡುವೆ ನಿಂತು ಧಾರಾವಾಹಿ ನೋಡಿದೆವು. "ಥೇಟ್ ಥಿಯೇಟರ್ ಬಾಲ್ಕನಿ," ಎಂದರು ಕಾಕಾ. ಕೂಲರಿನ ಸದ್ದಿಗೆ ಮಾತು ಒಂದೂ ಕೇಳಲಿಲ್ಲ.

ಕಾಕು ನನ್ನ ಕಡೆ ನೋಡಿ, "ಹತ್ತಿರ ಕುಂತರ ಕಾಣಂಗಿಲ್ಲ, ದೂರ ಕುಂತರ ಕಾಣತೈತಿ. ಕಣ್ಣು ಕೆಟ್ಟೈತಿ ಅನ್ನಾಕ ಇನ್ನೇನು ಬೇಕೋ ತಮ್ಮಾ?" ಅಂದಳು.

ಕೇಬಲ್‌ನವನಿಗೆ ಫೋನು ಮಾಡಿದರೆ ಆ ಚಾನೆಲ್ ಎಚ್‌ಡಿಯಲ್ಲಿ ತನ್ನ ಹತ್ತಿರ ಇಲ್ಲ, ನಾಗಪುರದಲ್ಲಿ ಕೇಳುವವರು ನೀವೊಬ್ಬರೇ ಎಂದ. ಕೊನೆಗೆ ಒಂದು ಹಿಂದಿ ಎಚ್‌ಡಿ ಚಾನೆಲ್ ಹಾಕಿ ತೋರಿಸಿದೆ. "ನೋಡು ಕಾಕು, ಅಕಿ ಕೂದಲು ಒಂದೊಂದs ಕಾಣತಾವಲ್ಲ?"

"ಕಾಣತಾವ."

ನಾನು ಗೆದ್ದೆ ಎಂದುಕೊಂಡೆ.

"ಆದರ ನಿಮಗೆಲ್ಲಾ ಕನ್ನಡದ್ದೂ ಹಿಂಗs ಕಾಣತೈತಿ ಅಂತೀರಲ್ಲ? ನಿಮ್ಮ ಕಾಕಾಗ ಅಂತೂ ಫಸ್ಟ್ ಕ್ಲಾಸ್ ಕಾಣತೈತಂತ. ನನಗೊಬ್ಬಾಕಿಗೆ ಯಾಕ ಇಲ್ಲ?"

ಕಾಕಾ ಅಲ್ಲೇ ಕೂತಿದ್ದರು. ನನ್ನನ್ನೇ ನೋಡುತ್ತಿದ್ದರು. ನಾನು ಕೂಲರಿನ ಹಗ್ಗ ಬಿಗಿ ಮಾಡಲು ಎದ್ದು ಹೋದೆ.

ಆಮೇಲೆ ಅವರನ್ನು ಅಂಗಳಕ್ಕೆ ಕರೆದು ಕೈ ಮುಗಿದೆ. "ಕಾಕಾ, ನಾ ಹೇಳಿದರ ಕಾಕು ನಂಬಂಗಿಲ್ಲ. ನೀವೊಂದು ಸಲ ನನಗೂ ಮಸಕ ಕಾಣತೈತಿ ಅನ್ನರಿ. ಕಣ್ಣಿನ ಪ್ರಶ್ನೆ ಐತ್ರಿ."

"ನಾ ತಂದ ಟಿವಿಗೆ ನಾನs ಕೆಟ್ಟೈತಿ ಅಂತ ಹೆಸರಿಡಬೇಕೇನು?" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಹಳ ಹೊತ್ತು ಬರಲಿಲ್ಲ. ಬರುವಾಗ ಒಂದು ಚೀಲ ಹುಳಿ ಕಿತ್ತಳೆ ತಂದರು.

ಎಡಗಣ್ಣಿನ ಆಪರೇಷನ್ನಿಗೆ ಗೊತ್ತಾಗಿದ್ದ ದಿನ ಹತ್ತಿರ ಬಂತು. ಹಿಂದಿನ ಸಂಜೆ ಆಸ್ಪತ್ರೆಯಿಂದ ಫೋನು: ನಾಳೆ ಬೆಳಿಗ್ಗೆ ಬರುತ್ತೀರಿ ತಾನೇ? "ಬರಂಗಿಲ್ಲ ಅಂತ ಹೇಳಿಬಿಡು," ಎಂದಳು ಕಾಕು. ಆಮೇಲೆ ತಿಳಿಸುತ್ತೇನೆ ಎಂದು ನಾನು ಫೋನು ಇಟ್ಟೆ. ಟಿವಿಯಲ್ಲಿ ಮದುವೆ ನಡೆದಿತ್ತು. ಮಂಟಪದ ತುಂಬ ಜನ, ಅಂದರೆ ಬಣ್ಣ ಬಣ್ಣದ ಗಂಜಿ.

ಕಾಕು ಅಭ್ಯಾಸಬಲದಿಂದ ಕೇಳಿದಳು. "ಹಸರು ಸೀರ್ಯಾಕಿ ಯಾರ್ರೀ? ಅತ್ತಿನೋ, ಸೋದರತ್ತಿನೋ?"

ಇಂಥ ಪ್ರಶ್ನೆಗೆ ಕಾಕಾ ಇಷ್ಟು ದಿನ ತಟ್ಟನೆ ಒಂದು ಉತ್ತರ ಕೊಡುತ್ತಿದ್ದರು. ಅವತ್ತು ಕೊಡಲಿಲ್ಲ. ರಿಮೋಟನ್ನು ತೊಡೆಯ ಮೇಲೆ ಅಂಗಾತ ಮಾಡಿದರು, ಬೋರಲು ಮಾಡಿದರು.

"ನನಗೂ ತಿಳಿಯವಲ್ತು," ಎಂದರು.

"ಏನು?"

"ಯಾರದು ಅಂತ. ಮೊದಲನೇ ದಿನದಿಂದ ತಿಳಿದಿಲ್ಲ ನನಗ. ಮೂಗೂ ಕಾಣಂಗಿಲ್ಲ, ಮಾರೀನೂ ಕಾಣಂಗಿಲ್ಲ. ನನ್ನ ಕಣ್ಣಿಗೆ ಯಾವ ಪೊರೀನೂ ಇಲ್ಲ." ರಿಮೋಟನ್ನು ಪಕ್ಕಕ್ಕಿಟ್ಟರು. "ನಿನ್ನ ಕಣ್ಣು ಬರೋಬರ್ ಐತಿ. ನಾ ತಂದದ್ದs ಖರಾಬ್ ಐತಿ."

ಅಷ್ಟು ವರ್ಷ ಅವರ ಬಾಯಿಂದ ಬರದಿದ್ದ ಮಾತು. ಹೊರಗೆ ಬಂದಾಗ ದನಿ ಬಹಳ ಸಣ್ಣದಾಗಿತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನಗಬೇಕೆಂದುಕೊಂಡೆ, ಆಗಲಿಲ್ಲ.

ಕಾಕು ಟಿವಿ ಬಿಟ್ಟು ಅವರನ್ನೇ ನೋಡಿದಳು. ಆ ಬಲಗಣ್ಣಿಗೆ ಏನೇನು ಕಂಡಿತೋ.

"ಟಿವಿ ಚಲೋನs ಐತಿ ಬಿಡ್ರಿ," ಎಂದಳು. "ಅವರು ಕಳಸೂದs ತೆಳ್ಳಗ ಕಳಸ್ತಾರ. ಅದಾದ್ರೂ ಏನು ಮಾಡೀತು, ಇದ್ದದ್ದರಾಗ ತುಂಬಿಸಿ ತೋರಸ್ತೈತಿ." ಆಮೇಲೆ ನನ್ನ ಕಡೆ ತಿರುಗಿ, "ದವಾಖಾನಿಗೆ ಫೋನ್ ಹಚ್ಚು. ಮುಂಜಾನೆ ಎಷ್ಟಕ್ಕ ಬರಬೇಕು ಕೇಳು," ಎಂದಳು.

ನಾನು ಫೋನು ಹಿಡಿದು ಅಂಗಳಕ್ಕೆ ಹೋದೆ. ಮಾತು ಮುಗಿಸಿ ಒಳಗೆ ಬಂದಾಗ ಇಬ್ಬರೂ ಸೋಫಾದ ಒಂದೇ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತು, ಕಣ್ಣು ಕಿರಿದು ಮಾಡಿಕೊಂಡು, ಹಸಿರು ಸೀರೆಯವಳನ್ನು ಸೋದರತ್ತೆ ಮಾಡೋಣ ಎಂದು ಒಪ್ಪಂದಕ್ಕೆ ಬರುತ್ತಿದ್ದರು.