ಕೆಂಪು ಬಾವುಟಕ್ಕೆ ನಿಲ್ಲದ ಹೊಳೆ

ಮೂವತ್ತೊಂದು ವರ್ಷ ರೈಲು ಬಿಟ್ಟವನಿಗೆ ಒಂದು ಹರಿಗೋಲು ಬಿಡುವುದು ಯಾವ ಲೆಕ್ಕ? ಹೀಗೆಂದು ನನ್ನನ್ನೇ ನಾನು ಕೇಳಿಕೊಂಡೆ. ಬೇರೆ ಯಾರನ್ನಾದರೂ ಕೇಳಿದ್ದರೆ ಚೆನ್ನಾಗಿತ್ತು.

ಸಣ್ಣಪುಟ್ಟ ಊರುಗಳಲ್ಲಿ ಸ್ಟೇಷನ್ ಮಾಸ್ತರನಾಗಿದ್ದು ನಿವೃತ್ತನಾದವನು ನಾನು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಐದಕ್ಕೆ ಸ್ನಾನ, ಐದೂಕಾಲಿಗೆ ಕಾಫಿ. ಕಾಫಿ ಐದು ನಿಮಿಷ ತಡವಾಗಿ ಬಂದರೆ ಏನೂ ಅನ್ನುವುದಿಲ್ಲ. ಗಡಿಯಾರವನ್ನು ಒಂದು ಸಲ ನೋಡುತ್ತೇನೆ, ಅಷ್ಟೆ. ಬೈಗುಳವೇ ಅದಕ್ಕಿಂತ ವಾಸಿ ಎನ್ನುತ್ತಾಳೆ ನನ್ನ ಹೆಂಡತಿ ಗೌರಮ್ಮ.

ನಮ್ಮೂರು ಕೊಳ್ಳೇಗಾಲದಿಂದ ಎರಡು ಹರದಾರಿ, ಕಾವೇರಿಯ ದಡದಲ್ಲಿದೆ. ನಮ್ಮ ದಡ ಮದ್ರಾಸಿಗೆ ಸೇರಿದ್ದು, ಎದುರು ದಡ ಮೈಸೂರಿನದು. ನಡುವಿನ ನೀರು ಯಾರದೆಂದು ನಾನು ವಿಚಾರಿಸಿಲ್ಲ. ನಮ್ಮೂರ ಮಟ್ಟಿಗೆ ಈ ಎರಡು ಸರ್ಕಾರಗಳನ್ನು ಕೂಡಿಸುತ್ತಿದ್ದದ್ದು ಅಂಬಿಗರ ರಂಗಶೆಟ್ಟಿಯ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ, ಅದರ ಹೊರಮೈಗೆ ಎಳೆದು ಹೊಲಿದ ಚರ್ಮ. ಹನ್ನೆರಡು ಜನ ಕೂರಬಹುದು.

ರಂಗಶೆಟ್ಟಿಯ ಪದ್ಧತಿ ಹೀಗಿತ್ತು. ಜನ ತುಂಬುವಷ್ಟಾದ ಮೇಲೆ ಅವನು ಎಲೆ ಅಡಿಕೆ ಉಗಿದು ಏಳುವುದು. ಖಾಲಿ ಹರಿಗೋಲನ್ನು ದಡದ ಗುಂಟ ಹಗ್ಗದಲ್ಲಿ ಎಳೆಯುತ್ತ ಎರಡು ಫರ್ಲಾಂಗು ಮೇಲಕ್ಕೆ ಹೋಗುವುದು. ಜನರೂ ಹಿಂದೆ ನಡೆದು ಹೋಗಿ ಅಲ್ಲಿ ಹತ್ತುವುದು. ಆಮೇಲೆ ಸೆಳವು ಹರಿಗೋಲನ್ನು ಓರೆಯಾಗಿ ಜಾರಿಸುತ್ತ ತಂದು ಎದುರು ದಡದ ಮೆಟ್ಟಿಲಿಗೆ ಮುಟ್ಟಿಸುವುದು. ಈ ಕಡೆಗೆ ಬರುವಾಗಲೂ ಹಾಗೆಯೇ. ಇದರಲ್ಲಿ ಹೊತ್ತು ಗೊತ್ತು ಎಂಬುದಿರಲಿಲ್ಲ. ನಿವೃತ್ತನಾಗಿ ಬಂದ ಮೂರನೆಯ ವಾರಕ್ಕೆ ನಾನು ಸುಧಾರಣೆಯನ್ನು ಕೈಗೆತ್ತಿಕೊಂಡೆ.

ಮೊದಲು ವೇಳಾಪಟ್ಟಿ ಬರೆದು ಅರಳಿಮರಕ್ಕೆ ಹಲಗೆ ಹೊಡೆಸಿದೆ. ಎರಡನೆಯದಾಗಿ, ಜನ ಕೆಸರು ತುಳಿಯದೆ ಇಳಿಯಲೆಂದು ನಮ್ಮ ದಡದ ಮೆಟ್ಟಿಲಿನಿಂದ ನೀರಿನೊಳಕ್ಕೆ ಹತ್ತಡಿ ಚಾಚುವಂತೆ ಬಿದಿರಿನ ಗಳು ನೆಟ್ಟು, ಹಲಗೆ ಹಾಸಿ, ಒಂದು ಪ್ಲಾಟ್‌ಫಾರಂ ಕಟ್ಟಿಸಿದೆ. ರಂಗಶೆಟ್ಟಿ ಅದನ್ನು ಬಹಳ ಹೊತ್ತು ನೋಡಿದ.

"ಇದ್ಯಾತಕ್ ಸಾ ಅಟ್ಟಣೆ? ಅರಿಗೋಲು ಬರೋ ದಾರಿ ಅದು."

"ಪ್ಲಾಟ್‌ಫಾರಂ ದಾರಿಯ ಪಕ್ಕದಲ್ಲೇ ಇರಬೇಕಯ್ಯ."

"ಪಕ್ದಲ್ ಇಲ್ಲ ಸಾ. ದಾರೀಲೇ ಅದೆ."

ತಾಂತ್ರಿಕ ಜ್ಞಾನವಿಲ್ಲದವರ ಆಕ್ಷೇಪಣೆಗಳನ್ನು ನಾನು ಸಮಾಧಾನದಿಂದಲೇ ಕೇಳುತ್ತೇನೆ. ಕೇಳಿದೆ. ಆಮೇಲೆ ಅವನಿಗೆ ಬಾವುಟಗಳ ಪಾಠ ಹೇಳಿದೆ. ಹಸಿರು ತೋರಿಸಿದರೆ ಬರಬಹುದು. ಕೆಂಪು ತೋರಿಸಿದರೆ ನಿಲ್ಲಬೇಕು.

"ಕೆಂಪು ಕಂಡ್ರೆ ಏನ್ ಮಾಡ್ಬೇಕು, ಸರಿಯಾಗ್ ಏಳಿ ಸಾ."

"ಮಾಡುತ್ತಿರುವ ಕೆಲಸವನ್ನು ಆ ಕ್ಷಣವೇ ನಿಲ್ಲಿಸಬೇಕು. ಮತ್ತೆ ನಾನು ಬಾವುಟ ಇಳಿಸುವವರೆಗೆ ಕೈ ಹಾಕಕೂಡದು."

"ಆಯ್ತು ಸಾ."

ರಂಗಶೆಟ್ಟಿ ಒಮ್ಮೆ ಒಪ್ಪಿದರೆ ತಪ್ಪುವವನಲ್ಲ. ಮುಂದಿನ ಅನಾಹುತಕ್ಕೆಲ್ಲ ಮೂಲ ಅವನ ಆ ಒಳ್ಳೆಯ ಗುಣವೇ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಮೊದಲ ಹರಿಗೋಲು ಹೊರಟಿತು. ವಾಪಸು ತಲುಪಬೇಕಾದ ವೇಳೆ ಎಂಟೂ ಇಪ್ಪತ್ತು. ಮುಂದಿನ ಸರದಿಯ ಜನರನ್ನು ಪ್ಲಾಟ್‌ಫಾರಂ ಮೇಲೆ ಇಬ್ಬಿಬ್ಬರಂತೆ ಸಾಲಾಗಿ ನಿಲ್ಲಿಸಿ, ನಾನು ತುದಿಯಲ್ಲಿ ನಿಂತಿದ್ದೆ. ಎಂಟೂ ಹದಿಮೂರಕ್ಕೆ ಹರಿಗೋಲು ಕಾಣಿಸಿಕೊಂಡಿತು. ಏಳು ನಿಮಿಷ ಮುಂಚೆ!

ತಡವಾಗಿ ಬರುವುದು ತಪ್ಪು. ಮುಂಚೆ ಬರುವುದು ಅಪರಾಧ. ಇಳಿಯುವವರಿಗೆ ಜಾಗ ತೆರವಾಗುವ ಮೊದಲೇ ವಾಹನ ನುಗ್ಗಿದರೆ ಏನಾದೀತು? ನಾನು ಕೆಂಪು ಬಾವುಟ ಎತ್ತಿ ಹಿಡಿದೆ.

ರಂಗಶೆಟ್ಟಿ ಆ ಕ್ಷಣವೇ ಹುಟ್ಟನ್ನು ನೀರಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೈಕಟ್ಟಿ ಕುಳಿತ.

ಹೊಳೆಗೆ ನಾನು ಪಾಠ ಹೇಳಿರಲಿಲ್ಲ. ಅದು ತನ್ನ ಪಾಡಿಗೆ ಹರಿಯಿತು. ಹುಟ್ಟಿನ ಹಿಡಿತ ತಪ್ಪಿದ ಹರಿಗೋಲು ಬುಗುರಿಯಂತೆ ತಿರುಗುತ್ತ ನೇರ ನನ್ನತ್ತ ಬಂತು. ಸುತ್ತಿಗೊಂದು ಸಲ ರಂಗಶೆಟ್ಟಿಯ ಮುಖ ಕಾಣುತ್ತಿತ್ತು. ಪ್ರತಿ ಸಲವೂ ಅದರಲ್ಲಿ ಅದೇ ವಿಧೇಯತೆ.

"ಹುಟ್ಟು ಹಾಕಯ್ಯ!" ಎಂದು ಕಿರುಚಿದೆ.

"ಬಾವುಟ ಇಳ್ಸಿ ಸಾ, ಆಕ್ತೀನಿ."

ಬಾವುಟ ಇನ್ನೂ ಮೇಲೆಯೇ ಇದೆ ಎಂಬುದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಹರಿಗೋಲು ಪ್ಲಾಟ್‌ಫಾರಂಗೆ ಬಂದು ಬಡಿಯಿತು. ಗಳುವೊಂದು ಚರ್ಮವನ್ನು ಅಂಚಿನಿಂದ ತಳದವರೆಗೆ ಸೀಳಿ, ಬುಟ್ಟಿಯ ಬಿದಿರು ಪಟ್ಟೆಗಳನ್ನೂ ಮುರಿಯಿತು. ಹಲಗೆಗಳು ಜಾರಿದವು. ಇಬ್ಬಿಬ್ಬರಂತೆ ನಿಂತಿದ್ದವರು ಇಬ್ಬಿಬ್ಬರಂತೆಯೇ ನೀರಿಗೆ ಬಿದ್ದರು. ಸೊಂಟದ ಮಟ್ಟದ ನೀರು, ಯಾರಿಗೂ ಏನೂ ಆಗಲಿಲ್ಲ. ಮೊದಲು ದಡ ಸೇರಿದ್ದು ಹರಿಗೋಲಿನಲ್ಲಿದ್ದ ಒಂದು ಆಡು. ಅದೂ ವೇಳೆಗಿಂತ ಆರು ನಿಮಿಷ ಮುಂಚೆ.

ನಾನು ನೀರಿನಿಂದ ತಲೆ ಎತ್ತಿದಾಗ ರಂಗಶೆಟ್ಟಿ ಪಕ್ಕದಲ್ಲೇ ನಿಂತಿದ್ದ.

"ನಿಂತದೆ ಸಾ," ಎಂದ.

ದಡದ ಮೇಲೆ ಗೌರಮ್ಮ ಇದ್ದಳು. ನಗಲಿಲ್ಲ, ಬೈಯಲಿಲ್ಲ. ಅದಕ್ಕೆ ಕಾರಣವಿತ್ತು. ಅವಳ ತಮ್ಮ ನಂಜಪ್ಪನ ಊರು ಎದುರು ದಡದಲ್ಲೇ. ಶುಕ್ರವಾರ ಬೆಳಿಗ್ಗೆ ಅವನ ಮಗಳ ಧಾರೆ. ಸೋದರತ್ತೆಯಾದ ಗೌರಮ್ಮ ಕಳಸ ಹಿಡಿಯಬೇಕು. ಹಿಂದೆ ಅವನ ಮಗನ ಮದುವೆಯಲ್ಲಿ ನನಗೆ ರಜ ಸಿಗದೆ ನಾವಿಬ್ಬರೂ ಹೋಗಲಾಗಿರಲಿಲ್ಲ. ಆಗ ಕಳಸ ಹಿಡಿದವಳು ನಂಜಪ್ಪನ ಹೆಂಡತಿಯ ಅಕ್ಕ, ಮಳವಳ್ಳಿಯ ಪುಟ್ಟಮ್ಮ. ಆಮೇಲೆ ಎಂಟು ವರ್ಷ ಆಕೆ ಗೌರಮ್ಮನನ್ನು ಕಂಡಾಗಲೆಲ್ಲ "ಪಾಪ, ನಿಮ್ಗೆ ಬರಕ್ಕಾಗ್ನಿಲ್ವಲ್ಲ" ಎಂದು ಮರುಕಪಟ್ಟಿದ್ದಳು.

ಅಕ್ಕಪಕ್ಕದ ಕಡವುಗಳ ಹರಿಗೋಲುಗಳೆಲ್ಲ ಬೇರೆ ಮದುವೆಗಳಿಗೆ ಮೊದಲೇ ಗೊತ್ತಾಗಿದ್ದವು. ಸೇತುವೆ ಸುತ್ತಿ ಹೋದರೆ ಗಾಡಿಯಲ್ಲಿ ಒಂದೂವರೆ ದಿನ. ಗೌರಮ್ಮನಿಗೋ ಗಾಡಿ ಹತ್ತಿ ಊರ ಬಾವಿ ದಾಟುವ ಮೊದಲೇ ಹೊಟ್ಟೆ ತೊಳಸುತ್ತದೆ.

"ಮಳವಳ್ಳಿಯವ್ಳು ಅಲ್ಲಿ ಕಳ್ಸ ಇಡ್ಕಳ್ಳಿ," ಎಂದಳು ಕೊನೆಗೆ, "ನೀವು ಇಲ್ಲಿ ಬಾವುಟ ಇಡ್ಕಂಡ್ ನಿಂತ್ಕಳಿ."

ಮಧ್ಯಾಹ್ನ ನಂಜಪ್ಪ ಎದುರು ದಡಕ್ಕೆ ಬಂದು ಕೂಗಿದ. ಹೊಳೆಯಲ್ಲಿ ನೀರು ಇಳಿದಿತ್ತು. ಗಂಟಲಿದ್ದವರಿಗೆ ಮಾತು ದಾಟುತ್ತಿತ್ತು.

"ಅಕ್ಕಾ, ಅರಿಗೋಲು ಯಾಕ್ ಬರ್ನಿಲ್ಲ?"

"ನಿಮ್ ಭಾವ ನಿಲ್ಸುದ್ರು ಕಣ್ಲಾ."

"ಯಾಕಂತೆ?"

"ಬೇಗ ಬಂದ್ಬುಡ್ತಂತೆ."

ಆ ದಡದಲ್ಲಿ ನಂಜಪ್ಪ ತನ್ನ ಜೊತೆ ಬಂದವರ ಕಡೆ ತಿರುಗಿ ಅದನ್ನೇ ಹೇಳಿದ. ಆಮೇಲೆ ನಗು ಬಂತು. ಮಾತಿಗಿಂತ ನಗು ನೀರಿನ ಮೇಲೆ ಚೆನ್ನಾಗಿ ದಾಟುತ್ತದೆ.

"ಚಿಂತೆ ಮಾಡ್ಬ್ಯಾಡ ಕಣಕ್ಕ," ಎಂದು ನಂಜಪ್ಪ ಸಮಾಧಾನ ಹೇಳಿದ. "ಮಳವಳ್ಳಿ ಪುಟ್ಟಕ್ಕ ಆಗ್ಲೇ ಬಂದವ್ರೆ. ಕಳ್ಸ ಅವ್ರೇ ಇಡ್ಕತಾರೆ."

ಗೌರಮ್ಮ ಸೆರಗು ಬಿಗಿದುಕೊಂಡು ಮನೆಯ ಕಡೆ ನಡೆದಳು. ಗುರುವಾರ ಸಂಜೆಯೊಳಗೆ ಹರಿಗೋಲು ಓಡಲೇಬೇಕೆಂದು ನಾನು ಅಲ್ಲೇ ನಿಂತು ಶಪಥ ಮಾಡಿದೆ. ಕಾಗದ ತೆಗೆದು ಕಾರ್ಯಕ್ರಮವನ್ನೂ ಬರೆದೆ. ಮಂಗಳವಾರ ಬಿದಿರು. ಬುಧವಾರ ಚರ್ಮ. ಗುರುವಾರ ಪರೀಕ್ಷಾರ್ಥ ಸಂಚಾರ.

ಮಂಗಳವಾರ ಕೊಳ್ಳೇಗಾಲಕ್ಕೆ ಹೋಗಿ, ಒಂದೊಂದನ್ನೂ ತಟ್ಟಿ ನೋಡಿ, ಬಲಿತು ಒಣಗಿ ಕಬ್ಬಿಣದಂತಿದ್ದ ನೆಟ್ಟನೆಯ ಬಿದಿರುಗಳನ್ನು ಆರಿಸಿ ತಂದೆ. ರಂಗಶೆಟ್ಟಿ ಒಂದನ್ನು ಸೀಳಿ ಬಗ್ಗಿಸಿದ. ಟಣ್ಣೆಂದು ಮುರಿಯಿತು. ಇನ್ನೊಂದೂ ಮುರಿಯಿತು.

"ಚಪ್ಪರುಕ್ಕೆ ಬಲು ಚಂದಾಗದೆ ಸಾ," ಎಂದ. "ಬುಟ್ಟಿ ಎಣೆಯಕ್ಕೆ ಅಸೀದು ಬೇಕು."

ಎದ್ದು ಹೋಗಿ ಹಿತ್ತಿಲ ಮೆಳೆಯಿಂದ ಹಸಿ ಬಿದಿರು ಕಡಿದು ತಂದು ಬುಟ್ಟಿಯಲ್ಲಿ ಮುರಿದಿದ್ದ ಪಟ್ಟೆಗಳನ್ನೆಲ್ಲ ಸರಿಮಾಡಿದ. ಮೆಳೆ ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿತ್ತು. ನನ್ನ ಒಂದು ದಿನ ಹೋಯಿತು.

ಬುಧವಾರದ ತಪ್ಪು ಇನ್ನೂ ದೊಡ್ಡದು. ರಂಗಶೆಟ್ಟಿ ಹದಮಾಡಲು ಹೊಳೆಯಲ್ಲಿ ನೆನೆಹಾಕಿದ್ದ ಹೊಸ ಚರ್ಮವನ್ನು ತೆಗೆದು ದಡದಲ್ಲಿಟ್ಟು, "ನೋಡ್ಕಳಿ ಸಾ, ದಾರ ತಕಂಡ್ ಬತ್ತೀನಿ," ಎಂದು ಹೋದ. ಒದ್ದೆ ಚರ್ಮವನ್ನು ಹಾಗೆಯೇ ಬುಟ್ಟಿಯ ಮೇಲೆ ಎಳೆದು ಕಟ್ಟಿ ನೆರಳಲ್ಲಿ ಆರಿಸುವುದು ಅವರ ಪದ್ಧತಿ. ನನಗೆ ಇದು ಸರಿ ಕಾಣಲಿಲ್ಲ. ಒದ್ದೆ ಅಂಗಿಯನ್ನು ಯಾರಾದರೂ ಮೈಮೇಲೆ ಹಾಕಿಕೊಂಡು ಒಣಗಿಸುತ್ತಾರೆಯೇ? ಚರ್ಮವನ್ನು ಬಂಡೆಯ ಮೇಲೆ ಹರವಿ ನಾಲ್ಕು ಮೂಲೆಗೆ ಕಲ್ಲು ಹೇರಿ ಬಿಸಿಲಿಗೆ ಬಿಟ್ಟೆ. ಸಮಯ ಉಳಿಸಿದ ಸಂತೋಷದಲ್ಲಿ ಊಟ ಮುಗಿಸಿ ಹದಿನೈದು ನಿಮಿಷದ ನನ್ನ ಕ್ರಮದ ನಿದ್ದೆಯನ್ನೂ ಮಾಡಿದೆ.

ಬಂದು ನೋಡಿದರೆ ಬಂಡೆಯ ಮೇಲೆ ಒಂದು ದೊಡ್ಡ ಹಪ್ಪಳವಿತ್ತು. ಮೂಲೆಗಳು ಕಲ್ಲುಗಳನ್ನು ಬೀಳಿಸಿ ಮೇಲಕ್ಕೆ ಸುರುಟಿಕೊಂಡಿದ್ದವು. ಬಡಿದರೆ ತಮಟೆಯ ಸದ್ದು. ರಂಗಶೆಟ್ಟಿ ದಾರದ ಉಂಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ.

"ಮತ್ತೆ ನೆನೆಸಿದರಾಯಿತಲ್ಲ?" ಎಂದೆ.

"ಎಲ್ಡ್ ದಿನ ನೆನೀಬೇಕು ಸಾ. ಅಷ್ಟೊತ್ಗೆ ಎಣ್ಣು ಗಂಡನ್ ಮನೆ ಸೇರ್ಕಂಡಿರ್ತದೆ."

ಮನೆಗೆ ಹೋಗಿ ಗೌರಮ್ಮನಿಗೆ ಹೇಳಿದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ಹಾಗೆ ನಿಂತದ್ದು ಅದೇ ಮೊದಲು. ಅವಳು ಮದುವೆಗೆಂದು ಕಟ್ಟಿಟ್ಟಿದ್ದ ಹೊಸ ಸೀರೆಯ ಗಂಟನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ಆರು ತಿಂಗಳಿಗಾಗುವಂತೆ ಕಾಯಿಸಿಟ್ಟಿದ್ದ ಹರಳೆಣ್ಣೆಯ ಗಡಿಗೆಯನ್ನು ಸೊಂಟಕ್ಕೇರಿಸಿದಳು.

"ಬಿಸ್ನೀರಂಡೆ ನೀವ್ ಒತ್ಕಳಿ," ಎಂದಳು. "ದಾರೀಲಿ ಯಾವ್ದೂ ಯೋಚ್ನೆ ಮಾಡ್ಬ್ಯಾಡಿ. ಸುಮ್ಕ್ ನಡೀರಿ."

ಸಂಜೆಯವರೆಗೂ ಗೌರಮ್ಮ ಬಿಸಿನೀರು ಹೊಯ್ಯುವುದು, ಎಣ್ಣೆ ಸುರಿಯುವುದು, ರಂಗಶೆಟ್ಟಿ ತುಳಿಯುವುದು. ನಾನು ಎರಡು ಸಲ ಸಲಹೆ ಕೊಡಲು ಬಾಯಿ ತೆರೆದೆ. ಎರಡು ಸಲವೂ ಗೌರಮ್ಮ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಗಡಿಯಾರ ನೋಡುವುದು ಬೈಗುಳಕ್ಕಿಂತ ಹೇಗೆ ಕಡೆಯೆಂದು ನನಗೆ ಆಗ ತಿಳಿಯಿತು.

ಚರ್ಮ ಬಗ್ಗಿತು. ಆದರೆ ಬಿರಿದ ಅಂಚನ್ನು ಸುತ್ತಲೂ ಒಂದೊಂದು ಮೊಳ ಕೊಯ್ದು ಬಿಸಾಡಬೇಕಾಯಿತು. ಉಳಿದದ್ದು ಬುಟ್ಟಿಗೆ ಸಾಲಲಿಲ್ಲ. ರಂಗಶೆಟ್ಟಿ ಚರ್ಮವನ್ನು ನೋಡಿದ, ಬುಟ್ಟಿಯನ್ನು ನೋಡಿದ, ಗುರುವಾರ ಬೆಳಿಗ್ಗೆ ಬುಟ್ಟಿಯನ್ನೇ ಬಿಚ್ಚಿ ಚರ್ಮದ ಅಳತೆಗೆ ಚಿಕ್ಕದಾಗಿ ಕಟ್ಟಿದ. ಸಂಜೆ ನಾಲ್ಕು ಗಂಟೆಗೆ ಹನ್ನೆರಡು ಜನರ ಹರಿಗೋಲು ನಾಲ್ಕು ಜನರದಾಗಿ, ಹರಳೆಣ್ಣೆಯ ಘಮಲು ಬೀರುತ್ತ ನೀರಿಗಿಳಿಯಿತು. ತಳದಲ್ಲಿ ಒಂದು ತೊಟ್ಟೂ ನೀರು ಜಿನುಗಲಿಲ್ಲ.

ರಂಗಶೆಟ್ಟಿ ಒಬ್ಬ. ಗೌರಮ್ಮ ಒಬ್ಬಳು. ಚಪ್ಪರದ ಶಾಸ್ತ್ರಕ್ಕೆ ಕೊಳ್ಳೇಗಾಲದಿಂದ ಬಂದು ಕಾದಿದ್ದ ವಾಲಗದವರು ಇಬ್ಬರು. ನಾನು ಪಂಚೆ ಎತ್ತಿ ಕಾಲಿಡಲು ಹೋದೆ.

"ನೀವ್ ಅತ್ತುದ್ರೆ ಡೋಲು ಇಳೀಬೇಕಾಯ್ತದೆ ಸಾ," ಎಂದ ರಂಗಶೆಟ್ಟಿ, ತುಂಬ ಸಂಕೋಚದಿಂದ.

"ಡೋಲಿಲ್ದೆ ಮದ್ವೆ ಆಗಲ್ಲ," ಎಂದಳು ಗೌರಮ್ಮ, ಗಂಟನ್ನು ತೊಡೆಯ ಮೇಲಿಟ್ಟುಕೊಳ್ಳುತ್ತ. "ಇವ್ರಿಲ್ದೆ ಆಯ್ತದೆ. ನಡಿಯಪ್ಪ."

ಶುಕ್ರವಾರ ಬೆಳಗಾಗುವಷ್ಟರಲ್ಲಿ ನಮ್ಮ ದಡದಲ್ಲಿ ನನ್ನನ್ನು ಬಿಟ್ಟು ನೆಂಟರು ಇಪ್ಪತ್ತೊಂದು ಜನ ನೆರೆದಿದ್ದರು. ಒಂದು ಸಲಕ್ಕೆ ಮೂವರು ಮಾತ್ರ. ಸಾಲು ಮಾಡಿಸುವ ಕೆಲಸವೊಂದು ನನಗೆ ಉಳಿದಿತ್ತು. ಅದನ್ನು ಚೊಕ್ಕವಾಗಿ ಮಾಡಿದೆ. ಮುದುಕರು ಮೊದಲು, ಆಮೇಲೆ ಹೆಂಗಸರು, ಆಮೇಲೆ ಗಂಡಸರು. ಪ್ಲಾಟ್‌ಫಾರಂ ಕಟ್ಟಿದವನು ಕಡೆಗೆ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಬರಲಿಲ್ಲ.

ಇನ್ನೂ ನಾಲ್ವರು ಉಳಿದಿದ್ದಾಗ ಎದುರು ದಡದಿಂದ ಗಟ್ಟಿಮೇಳ ಕೇಳಿಸಿತು. ನಾನು ಎದ್ದು ನಿಂತೆ. ಅಕ್ಷತೆ ಇರಲಿಲ್ಲ, ಕೈ ಮುಗಿದೆ. ಸ್ವಲ್ಪ ಹೊತ್ತಿಗೆ ರಂಗಶೆಟ್ಟಿ ಬಂದ. ಬಾಯಿ ತುಂಬ ಎಲೆ ಅಡಿಕೆ.

"ಅಮ್ಮಾರೇ ಕಳ್ಸ ಇಡುದ್ರು ಸಾ. ಧಾರೆ ಮುಗಿಯೋಗಂಟ ಕೈ ಅಲ್ಲಾಡ್ನಿಲ್ಲ."

"ಮಳವಳ್ಳಿಯವರು?"

"ಅವ್ರು ಪಕ್ದಲ್ಲಿ ನಿಂತಿದ್ರು. ಅಮ್ಮಾರು ಅವ್ರ್ಗೆ, 'ಪಾಪ, ನಿಮ್ಗೆ ಸಿಗ್ನಿಲ್ವಲ್ಲ' ಅಂದ್ರು."

ನನಗೆ ಊಟ ಮುಗಿಸಿದಷ್ಟು ತೃಪ್ತಿಯಾಯಿತು. ನಿಜವಾದ ಊಟಕ್ಕೆ ಇನ್ನೂ ಒಂದು ಸರದಿ ಕಾಯಬೇಕಿತ್ತು, ಏಕೆಂದರೆ ಉಳಿದ ಮೂವರನ್ನು ಕೂರಿಸಿಕೊಂಡು ರಂಗಶೆಟ್ಟಿ ಹೊರಟೇಬಿಟ್ಟ.

ಮೆಟ್ಟಿಲಿನ ಮೇಲೆ ಒಬ್ಬನೇ ಕುಳಿತಿದ್ದೆ. ಅಗರದ ಕಡೆಯ ರೈತನೊಬ್ಬ, ಎದುರು ದಡಕ್ಕೆ ಹೋಗಬೇಕಾದವನು, ಬೆಲ್ಲದ ಕುಕ್ಕೆ ಇಳಿಸಿ ಬೆವರೊರೆಸಿಕೊಂಡ. ನನ್ನ ಕೋಟು, ರುಮಾಲು ನೋಡಿ ತಿಳಿದವನೆಂದು ತೋರಿರಬೇಕು.

"ಅರಿಗೋಲು ಎಷ್ಟೊತ್ಗೆ ಬತ್ತದೆ ಸಾ?" ಎಂದು ಕೇಳಿದ.

ನಾನು ಸರಿದು ಅವನಿಗೆ ಜಾಗ ಮಾಡಿಕೊಟ್ಟೆ.

"ಬಂದಾಗ ಬರುತ್ತದೆ, ಕೂತ್ಕೊಳ್ಳಪ್ಪ," ಎಂದೆ.